ನಕ್ಷೆಯಲ್ಲಿ ಕೆಳಗಿದ್ದ ತವರು

ನನ್ನ ಗಂಡ ಔರಾದಿನ ಸರ್ಕಾರಿ ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಸಾಲೆಯಲ್ಲಿ ಕಲಿಸಿದ್ದು ಸಾಲದೆಂಬಂತೆ ಮನೆಗೆ ಬಂದು ನನಗೂ ಕಲಿಸುವರು. ನಾನು ರೊಟ್ಟಿ ಬಡಿಯುತ್ತಿದ್ದರೆ ಇವರು ಒಲೆಯ ಆಚೆ ಕೂತು ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆಯುವರು. ಅದೂ ಆಗಷ್ಟೇ ಸಾರಿಸಿದ ನೆಲ! ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಿವಿ ಮಾತ್ರ ಅತ್ತಲೇ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

"ಭಾಲ್ಕಿ ಎಲ್ಲದ ಹೇಳು."

"ನಮ್ಮಪ್ಪನ ಮನಿ ಇದ್ದಲ್ಲಿ ಅದ."

"ಹಂಗಲ್ಲ. ಒಂದು ಊರು ಎಲ್ಲದ ಅಂತ ಹೇಳ್ಬೇಕಾದ್ರ ಇನ್ನೊಂದು ಊರು ಬೇಕು. ಅದರಿಂದ ಯಾವ ದಿಕ್ಕಿಗೆ? ಎಷ್ಟು ದೂರ?"

ಬೀದರಿಗೆ ಹೋದಾಗ ಅವರೊಂದು ಜಿಲ್ಲೆಯ ನಕ್ಷೆ ತಂದು ಪಡಸಾಲೆಯ ಗೋಡೆಗೆ ತೂಗುಹಾಕಿದರು. ಉತ್ತರ ಮೇಲೆ, ದಕ್ಷಿಣ ಕೆಳಗೆ. ನೀಲಿ ಗೆರೆ ಎಂದರೆ ಹೊಳೆ, ಚುಕ್ಕಿ ಸಾಲು ಎಂದರೆ ಬಂಡಿ ಹಾದಿ. ಮೂಲೆಯಲ್ಲೊಂದು ಪೈಮಾನಾ, ಅಂದರೆ ನಕ್ಷೆಯ ಮೇಲಿನ ಇಷ್ಟು ಬೆರಳಿಗೆ ನೆಲದ ಮೇಲೆ ಇಷ್ಟು ಮೈಲಿ ಎಂದು ತೋರಿಸುವ ಪಟ್ಟಿ. ಊರು ಎಂದರೆ ಒಂದು ಕರಿ ಬೊಟ್ಟು.

"ಇಡೀ ಭಾಲ್ಕಿ, ಪ್ಯಾಟಿ, ನಮ್ಮವ್ವ ಎಲ್ಲಾ ಈ ಸಾಸಿವಿ ಕಾಳಿನಾಗ ಅದಾರೇನ್ರಿ?" ಎಂದೆ.

ಅವರಿಗೆ ನಗು ತಡೆಯಲಿಲ್ಲ. "ಮನಷ್ಯಾ ಕಾಣ್ಸೂದಿಲ್ಲ. ಆದ್ರ ಅಂವ ಎಲ್ಲಿ ಮನಿ ಕಟ್ಟಿದ, ಯಾಕ ಅಲ್ಲೇ ಕಟ್ಟಿದ, ಸಂತಿಗಿ ಯಾವ ಹಾದಿಲೆ ಹೋಗ್ತಾನ, ಅದು ಕಾಣ್ತದ ನೋಡು" ಎಂದು ಮಾಂಜ್ರಾ ಹೊಳೆಯ ದಂಡೆಗುಂಟ ಸಾಲಾಗಿ ಕೂತಿದ್ದ ಹಳ್ಳಿಗಳ ಮೇಲೆ ಬೆರಳು ಆಡಿಸಿದರು. ನಿಜವಾಗಿಯೂ ಕಂಡಿತು. ಆ ದಿನದಿಂದ ನಕ್ಷೆಯ ಮೇಲಿನ ಧೂಳು ಒರೆಸುವುದು ನನ್ನ ಕೆಲಸವಾಯಿತು.

ಮದುವೆಯ ಮರುವರ್ಷ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ಕೇಳುವ ಮಾತೇ ಅಲ್ಲ. ಔರಾದಿನ ಮನೆಯಲ್ಲಿ ನಾವಿಬ್ಬರೇ. ಗಂಡನ ತಾಯಿ ಅವರು ಚಿಕ್ಕವರಿದ್ದಾಗಲೇ ತೀರಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಹೆರಿಗೆಯ ಹೆದರಿಕೆಯಿಂದ ನನಗೆ ಅವ್ವನ ಕನಸೇ ಬೀಳುತ್ತಿತ್ತು. ಏಳನೆಯ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಔರಾದಿಗೂ ಭಾಲ್ಕಿಗೂ ನಡುವೆ ಮಾಂಜ್ರಾ ಇದೆ. ಅದು ತುಂಬಿತೆಂದರೆ ಬಂಡಿ ಹಾದಿ ಮುಚ್ಚಿತೆಂದೇ ಲೆಕ್ಕ.

ಗಂಡ ಅಪ್ಪನ ಕೈ ಹಿಡಿದು ನಕ್ಷೆಯ ಮುಂದೆ ನಿಲ್ಲಿಸಿದರು. "ನೋಡ್ರಿ ಮಾವಾರ, ಇದು ಔರಾದ, ಇದು ಭಾಲ್ಕಿ. ಎರಡು ಬಟ್ಟ ಸುದ್ದಾ ಇಲ್ಲ" ಎಂದು ನಡುವೆ ಎರಡು ಬೆರಳಿಟ್ಟು ತೋರಿಸಿದರು. " ಒಂಬತ್ತು ತುಂಬಲಿ, ನಾನೇ ಕರ್ಕೊಂಡು ಬರ್ತೇನಿ."

ಅಪ್ಪ ತೊಗರಿ ವ್ಯಾಪಾರ ಮಾಡುವವನು. ಆ ಹಾದಿಯ ಕಲ್ಲು ಕಲ್ಲೂ ಅವನಿಗೆ ಗೊತ್ತು. ಆದರೆ ಸರ್ಕಾರಿ ಮುದ್ರೆ ಇರುವ ಕಾಗದ ಕಂಡರೆ ರುಮಾಲು ಸರಿಮಾಡಿಕೊಳ್ಳುವ ಜನ ನಮ್ಮವರು. ಬಹಳ ಹೊತ್ತು ನೋಡಿ ಕೇಳಿದ, "ನಮ್ಮೂರ ಕೆಳಗ ಅದ ಏನ್ರಿ?"

"ಹೌದ್ರಿ, ಕೆಳಗ ಅದ."

"ಅಂದ್ರ ಹೋಗೂದು ಇಳಜಾರ! ನನಗಿಷ್ಟು ದಿನ ಗೊತ್ತೇ ಇದ್ದಿಲ್ಲ ನೋಡ್ರಿ. ಎತ್ತು ಲಗೂನ ಮುಟ್ಟಸ್ತಾವ ಬಿಡ್ರಿ."

ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ಬಂತು, ಮರುಕ್ಷಣವೇ ನಿಂತೂ ಹೋಯಿತು. ಇದೇ ತಪ್ಪು ಮಾಡಿದ ಹುಡುಗರ ಕಿವಿ ಹಿಂಡುವ ಮಾಸ್ತರರು ಇವರು. ಮೇಲೆ ಕೆಳಗೆ ಎಂಬುದು ಕಾಗದದ ಮಾತು, ನೆಲದ ಏರಿಳಿವಲ್ಲ ಎಂದು ನನಗೇ ಎಷ್ಟು ಸಲ ಹೇಳಿದ್ದರು! ಈಗ ಮಾವನ ಮುಂದೆ ತುಟಿ ಬಿಚ್ಚಲಿಲ್ಲ. ಅಪ್ಪ ಮಜ್ಜಿಗೆ ಕುಡಿದು, ಖಾಲಿ ಬಂಡಿ ಹೊಡೆದುಕೊಂಡು ಹೋದ.

"ಯಾಕ ಹೇಳ್ಲಿಲ್ರಿ ನೀವು? ಹೊಳಿ ಬಂದ್ರ ಏನ್ ಮಾಡೂದು?" ಎಂದು ಹರಿಹಾಯ್ದೆ.

"ಇನ್ನ ಟೈಮ್ ಅದ" ಎಂದು ಹೊರಗೆ ಹೋಗಿಬಿಟ್ಟರು.

ಅದೆಲ್ಲಿಯ ಟೈಮು! ಒಂಬತ್ತು ತುಂಬುವ ಮೊದಲೇ ಮಳೆ ಜಡಿಯಿತು. ನಕ್ಷೆಯಲ್ಲಿ ದಾರದಷ್ಟಿದ್ದ ಮಾಂಜ್ರಾ ಹೊಲಗಳಿಗೆ ಏರಿತೆಂದು ಸುದ್ದಿ ಬಂತು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅವರು ಸಮಾಧಾನ ಮಾಡಲು ಬಂದರೆ ಕೈ ಕೊಡವಿದೆ. ಎರಡು ಬಟ್ಟಿನಾಚೆಯ ಅವ್ವ ನನ್ನ ಪಾಲಿಗೆ ಕಾಶಿಗಿಂತ ದೂರವಾಗಿದ್ದಳು.

ಅವ್ವ ಬಂದಳು! ಬಂಡಿ ಹಾದಿ ಮುಚ್ಚಿದರೆ ಬೀದರಿನ ಹಾದಿ ಇದೆಯಲ್ಲ ಎಂದು ಅಪ್ಪನನ್ನು ಎಬ್ಬಿಸಿಕೊಂಡು, ಸುತ್ತು ಹಾಕಿ, ಅಲ್ಲಿ ದೋಣಿ ಬಿಡುವವರೆಗೆ ದಂಡೆಯ ಮೇಲೇ ಕಾದು ಕೂತು ಬಂದಿದ್ದಳು. ಸೀರೆ ಮೊಣಕಾಲಿನ ತನಕ ಕೆಸರು. ನನ್ನ ಹೊಟ್ಟೆ ಮುಟ್ಟಿ ನೋಡಿ, ನೇರ ಪಡಸಾಲೆಗೆ ಹೋಗಿ ನಕ್ಷೆಯ ಮುಂದೆ ನಿಂತಳು.

"ಎಲ್ಲದರಿ ಅಳಿಯಂದ್ರ, ಇಳಜಾರ? ನನಗೂ ತೋರಸ್ರಿ."

ಅವರು ತಲೆ ತಗ್ಗಿಸಿದರು. ಆಮೇಲೆ ಕಂಬ ಹಿಡಿದುಕೊಂಡು ಹೇಳಿದರು, "ನಮ್ಮವ್ವನೂ ನನ್ನ ತಮ್ಮನ್ನ ಹಡಿಲಿಕ್ಕಂತ ತವರಿಗಿ ಹೋಗಿದ್ದಳ್ರಿ. ಹಿಂಗೇ ಬಂಡ್ಯಾಗ. ಇಬ್ಬರೂ ಬರ್ಲಿಲ್ಲ. ಮಾವಾರ ಬಂಡಿ ಬಾಗಲಾಗ ನಿಂತಿದ್ದು ನೋಡಿ ನನ್ನ ಜೀವ ತಡೀಲಿಲ್ಲ. ಸುಳ್ಳು ಹೇಳ್ಲಿಲ್ಲ, ಖರೆ ಹೇಳೂದು ಬಿಟ್ಟೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ದಿನ ಒಲೆಯ ಆಚೆ ಕೂತ ಗಂಡಸು, ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಅವ್ವ ಮಾತ್ರ ಕೆಸರುಗಾಲಲ್ಲೇ ಅವರ ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟಳು. ಅಳಿಯನನ್ನು ಅತ್ತೆ ಹಾಗೆ ಮುಟ್ಟುವ ರೂಢಿ ನಮ್ಮಲ್ಲಿಲ್ಲ.

"ಅಂಜಬ್ಯಾಡೋ ನನ್ನಪ್ಪಾ. ನಾ ಬಂದೇನಿ ಇಲ್ಲ? ಮೊದ್ಲ ನೀರು ಕಾಸು ಏಳು" ಎಂದಳು.

ಆ ವಾರವೇ ಮಗಳು ಹುಟ್ಟಿದಳು, ಔರಾದಿನಲ್ಲಿ, ಅವ್ವನ ಕೈಯಲ್ಲಿ. ಹೊಳೆ ಇಳಿದ ಮೇಲೆ ಬಾಣಂತನ ಮುಗಿಸಲು ಅವ್ವ ಅಪ್ಪನ ಬಂಡಿಯಲ್ಲಿ ನನ್ನನ್ನೂ ಕೂಸನ್ನೂ ಭಾಲ್ಕಿಗೆ ಕರೆದುಕೊಂಡು ಹೊರಟಳು. ಅವರು ಬೇಡ ಎನ್ನಲಿಲ್ಲ. ಕೂಸಿನ ಕುಲಾವಿ ಸರಿಮಾಡುತ್ತ ಹೊಳೆಯ ತನಕ ಬಂಡಿಯ ಪಕ್ಕ ನಡೆದು ಬಂದರು. ನೀರು ಗಾಲಿಯ ಅಚ್ಚಿನಷ್ಟಿತ್ತು. ಬಂಡಿ ಇಳಿಯಿತು, ಅವರು ದಂಡೆಯಲ್ಲಿ ಉಳಿದರು. ಆಚೆ ದಡ ಹತ್ತಿ ತಿರುಗಿ ನೋಡಿದೆ. ಮಾಸ್ತರರು ಇನ್ನೂ ಅಲ್ಲೇ, ಕೈಕಟ್ಟಿ, ಸಾಲೆಗೆ ಹೊಸದಾಗಿ ಬಂದ ಮಗುವಿನ ಹಾಗೆ ನಿಂತಿದ್ದರು.

ಬಟ್ಟೆ ಒಗೆಯುವ ಹೆಂಗಸರು, ದನ ಕಾಯುವವರು ಎಲ್ಲರೂ ನೋಡುತ್ತಿದ್ದರು. ಹೆಂಡತಿ ಗಂಡನನ್ನು ಹಾದಿಬೀದಿಯಲ್ಲಿ ಕೂಗುವ ಕಾಲವಲ್ಲ ಅದು. ಬಂಡಿಯಲ್ಲಿ ಎದ್ದು ನಿಂತು, ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದೆ: "ಇಬ್ಬರೂ ಬರ್ತೇವ್ರೀ!"