ಬಾಳೆಲೆಯಲ್ಲಿ ಎಷ್ಟು ಸೆಂಟು?

ಮನೆಯಿಂದ ಕೆಲಸ ಮಾಡುವವರಿಗೆ ಒಂಟಿತನ ಕಾಡುತ್ತದೆ ಎಂದು ನಮ್ಮ ಕಂಪನಿಗೆ ಹೇಳಿಕೊಟ್ಟ ಮಹಾನುಭಾವ ಯಾರೋ, ಅವನನ್ನು ನಾನೊಮ್ಮೆ ಕಾಣಬೇಕು. ಕಾಫಿ ತೋಟಗಳಿಗೆ ಗೊಬ್ಬರ, ಔಷಧಿ ಒದಗಿಸುವ ಕಂಪನಿ ನಮ್ಮದು. ಬಾಡಿಗೆ ಉಳಿಸಲು ಮಡಿಕೇರಿಯ ಆಫೀಸಿಗೆ ಬೀಗ ಜಡಿದು ನಮ್ಮನ್ನು ಮನೆಗೆ ಅಟ್ಟಿದ್ದು ಇದೇ ಕಂಪನಿ. ಆರ್ಡರು, ಬಿಲ್ಲು ನೋಡುವ ನಾವು ಮೂವರು ಮೂರು ಮೂಲೆ ಸೇರಿದೆವು. ನಾನು ಚೆಟ್ಟಳ್ಳಿಯಲ್ಲಿ. ಹಾಸನದ ಕಡೆಯಿಂದ ಬಂದು ನೆಲೆಸಿದ ಒಬ್ಬರು ಹಾರಂಗಿಯ ಹತ್ತಿರ. ನನಗಿಂತ ಕಿರಿಯಳಾದ ಇನ್ನೊಬ್ಬಳು ಬಾಳೆಲೆ ಎಂಬ ಊರಿನ ತೋಟದ ಮನೆಯಲ್ಲಿ. ಅವಳ ಗಂಡ ಮಿಲಿಟರಿಯಲ್ಲಿದ್ದ, ಮನೆಯಲ್ಲಿ ಅವಳೊಬ್ಬಳೇ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ.

ಆದರೂ ನಮಗೆ ಒಂಟಿತನವಿರಲಿಲ್ಲ, ಏಕೆಂದರೆ ಮಳೆ ಇತ್ತು. ಕೊಡಗಿನಲ್ಲಿ ಮಳೆ ಬಂದ ಮರುದಿನ ಜನ ಮೊದಲು ಕೇಳುವುದು ಆರೋಗ್ಯವನ್ನಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು ಇಂಚಿನಲ್ಲಿ, ಇಂಚಿನ ನೂರನೇ ಒಂದು ಪಾಲಾದ ಸೆಂಟಿನಲ್ಲಿ ಹೇಳದಿದ್ದರೆ ಯಾರಿಗೂ ತಿಂಡಿ ಸೇರುವುದಿಲ್ಲ. ಕಾಫಿಯ ಹೂ ಅರಳಿಸುವ ಬೇಸಿಗೆಯ ಹೂಮಳೆಯಾದರಂತೂ ಕೇಳುವುದೇ ಬೇಡ, ಒಬ್ಬರ ಮಳೆಯ ಮೇಲೆ ಇನ್ನೊಬ್ಬರಿಗೆ ಹೊಟ್ಟೆಕಿಚ್ಚು. ಕೆಲಸಕ್ಕೆ ಕೂರುವ ಮೊದಲು ನಾವು ಮೂವರೂ ಫೋನಿನಲ್ಲಿ ಸೇರಿ ಮಳೆ ಒಪ್ಪಿಸುತ್ತಿದ್ದೆವು. ಮಳೆಯ ಬೆನ್ನಿಗೆ ನನ್ನ ಅತ್ತೆಯ ಮಂಡಿನೋವು, ಆನೆ ಮುರಿದ ಬೇಲಿ, ಹಳಸಿದ ಸಾರು, ಎಲ್ಲವೂ ಬರುತ್ತಿತ್ತು.

ಕಂಪನಿಯ ಫೋನಿನಲ್ಲಿ ಕಾಡುಹರಟೆ ಬೇಡವೆಂದು ಹೆಡ್ ಆಫೀಸು ಅದನ್ನು ನಿಲ್ಲಿಸಿತು. ನಿಲ್ಲಿಸಿ, ನಾವು ಒಬ್ಬರಿಗೊಬ್ಬರು ಹತ್ತಿರವಾಗಲೆಂದು ಒಂದು ಆಪ್ ಕೊಟ್ಟಿತು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದಿನವೂ ಅದು "ಇಂದು ನಿಮ್ಮ ಮನಸ್ಸು ಹೇಗಿದೆ?" ಎಂದು ಕೇಳುತ್ತದೆ, ನಾವು ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಬೇಕು. ಫೋನು ಚಾಲೂ ಇದ್ದರೆ ನಮ್ಮ ಹೆಸರಿನ ಪಕ್ಕ ಹಸಿರು ಚುಕ್ಕೆ. ಶುಕ್ರವಾರ ಪರದೆಯ ಮುಂದೆ ಕಪ್ ಹಿಡಿದು "ಕಾಫಿ ಹರಟೆ" ಹೊಡೆಯಬೇಕು. ಅದನ್ನು ಹೇಗೆ ಹೊಡೆಯಬೇಕೆಂದು ಕಲಿಸಿದ ಎಚ್‌ಆರ್ ಮಹಾಶಯನ ಕಪ್ಪಿನಿಂದ ಟೀ ಪೊಟ್ಟಣದ ದಾರ ನೇತಾಡುತ್ತಿತ್ತು.

"ನೋಡಕ್ಕ, ಕಾಫಿ ಬೆಳೆಯೋ ಸೀಮೆಯವ್ರಿಗೆ ಕಾಫಿ ಕುಡಿಯೋದ ಹೇಳ್ಕೊಡ್ತಾವ್ನೆ," ಎಂದು ಹಾರಂಗಿಯವರು ಆಮೇಲೆ ಫೋನ್ ಮಾಡಿ ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್‌ನಲ್ಲಿ, ಆಕಾಶ ನೋಡಿ ನೋಡಿ ಕತ್ತು ನೋಯುವ ಹೊತ್ತಿಗೆ, ಒಂದು ರಾತ್ರಿ ಹೂಮಳೆ ಬಂತು. ಬೆಳಿಗ್ಗೆ ಎದ್ದವಳೇ ಅಪ್ಪಣೆಯನ್ನು ಗಾಳಿಗೆ ತೂರಿ ಆ ಆಪಿನಲ್ಲೇ ಕೇಳಿದೆ: ಎಷ್ಟು ಸೆಂಟು? ಹಾರಂಗಿಯವರು ತಮ್ಮ ಕಡೆ ನೆಲವೂ ನೆಂದಿಲ್ಲವೆಂದು ಗೋಳಾಡಿದರು. ಬಾಳೆಲೆಯಿಂದ ಉತ್ತರವಿಲ್ಲ. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಅವಳ ಹೆಸರಿನ ಪಕ್ಕ ಮಾತ್ರ ಹಸಿರು ಚುಕ್ಕೆ ಉರಿಯುತ್ತಿತ್ತು.

ಎಚ್‌ಆರ್‌ನವನಿಗೆ ಫೋನ್ ಮಾಡಿ, ಬಾಳೆಲೆಯಲ್ಲಿ ಅವಳ ಅಕ್ಕಪಕ್ಕದವರ ನಂಬರು ಇದ್ದರೆ ಕೊಡು ಎಂದೆ.

"ಅವರು ಆನ್‌ಲೈನ್ ಇದ್ದಾರೆ ಮೇಡಂ, ಹಸಿರು ಕಾಣ್ತಿದೆ. ನಂಬರ್ ಎಲ್ಲ ಕೊಡೋಹಾಗಿಲ್ಲ, ಅದು ಪರ್ಸನಲ್."

"ಹೂಮಳೆ ಬಂದಿದೆ ಮಾರಾಯ, ಅವಳು ಬಾಯಿ ಬಿಟ್ಟಿಲ್ಲ! ಹುಷಾರಿದ್ರೆ ಸುಮ್ನೆ ಕೂರೋ ಹೆಣ್ಣಲ್ಲ ಅದು."

"ಹೂಮಳೆ ಅಂದ್ರೆ ಏನು ಮೇಡಂ?"

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಅನ್ನ ಬರುವುದೇ ಆ ಮಳೆಯಿಂದ. ಅದು ಏನೆಂದು ತಿಳಿಯದವನು ನಮ್ಮ ಮನಸ್ಸು ಹೇಗಿದೆ ಎಂದು ದಿನಾ ಕೇಳುತ್ತಾನೆ! ಫೋನ್ ಕುಕ್ಕಿ ಹಾರಂಗಿಯವರನ್ನು ಹಿಡಿದೆ. ಅವರು ನನ್ನನ್ನು ಏನು, ಯಾಕೆ ಎಂದು ಕೇಳಲಿಲ್ಲ. ಬಾಳೆಲೆಯವಳು ಮಳೆ ಹೇಳಿಲ್ಲ ಎಂದರೆ ಸಾಕಾಗಿತ್ತು. ಬಾಳೆಲೆಗೆ ಹತ್ತಿರದ ಪೊನ್ನಂಪೇಟೆಯಲ್ಲಿ ಗೊಬ್ಬರ ಇಳಿಸುತ್ತಿದ್ದ ಕಂಪನಿಯ ಜೀಪಿನ ಡ್ರೈವರನನ್ನು ಆ ಕ್ಷಣವೇ ಅತ್ತ ಓಡಿಸಿದರು.

ಅವಳು ಅಂಗಳದ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು, ಬಟ್ಟೆ ಕೆಸರಾಗಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಫೋನು ಒಳಗೆ ಮೇಜಿನ ಮೇಲಿತ್ತು.

ಸಂಜೆ ಗೋಣಿಕೊಪ್ಪದ ಆಸ್ಪತ್ರೆಗೆ ಹೋದೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ನಾನು ಕೈ ಹಿಡಿದುಕೊಂಡು ಕೂತಾಗ ಡ್ರೈವರ್ ತಂದು ಅವಳ ತಲೆದಿಂಬಿನ ಪಕ್ಕ ಇಟ್ಟಿದ್ದ ಫೋನು ಟಿಣ್ ಎಂದಿತು. ಆಪು ಕೇಳುತ್ತಿತ್ತು: ಇಂದು ನಿಮ್ಮ ಮನಸ್ಸು ಹೇಗಿದೆ? ಕೆಳಗೆ ಎಚ್‌ಆರ್ ಕಳಿಸಿದ ಹೂಗುಚ್ಛದ ಚಿತ್ರ, ಅದಕ್ಕೆ ಮುಖವೇ ಗೊತ್ತಿಲ್ಲದ ಯಾರುಯಾರೋ ಒತ್ತಿದ ಕೆಂಪು ಹೃದಯಗಳು. ನಾನು ಫೋನನ್ನು ಆಫ್ ಮಾಡಿ ಚೀಲದೊಳಗೆ ತುರುಕಿದೆ.

"ಎಷ್ಟು ಸೆಂಟು?" ಎಂದೆ.

"ಎಪ್ಪತ್ತು ಅಕ್ಕ," ಎಂದಳು. "ಇನ್ನು ಕೇಳೋರು ಯಾರೂ ಇಲ್ಲ ಅಂತ ಗೊತ್ತಿತ್ತು. ಆದ್ರೂ ಅಳೆದೆ. ಅಳೆದು ವಾಪಸ್ ಬರುವಾಗ ಬಿದ್ದದ್ದು." ಅಷ್ಟು ಹೇಳಿದ ಮೇಲೆ ಅವಳು ಅತ್ತಳು.