ಎತ್ತಿಗೆ ಕೊಟ್ಟ ಎಂಟು ದಿನ

ನನ್ನನ್ನು ಯಾರಾದರೂ ಕೋಚ್ ಅಂದರೆ ಈಗಲೂ ಮೈ ಉರಿಯುತ್ತದೆ. ಆ ಶಬ್ದ ಆಗ ನಮ್ಮ ಕಡೆ ಬಂದೇ ಇರಲಿಲ್ಲ. ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಕೊರಳಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಬೂಟು, ತಲೆಯ ತುಂಬ ಸೊಕ್ಕು. ನಲವತ್ತೆಂಟರ ಗದ್ದಲ ಅಡಗಿದ ಮೇಲೆ ಹೈದರಾಬಾದಿಗೆ ಹೋಗಿ ಆರು ತಿಂಗಳು ತರಬೇತಿ ಪಡೆದು ಬಂದಿದ್ದೆ. ಬರುವಾಗ ಹಳೆಯ ಪುಸ್ತಕದಂಗಡಿಯಿಂದ ಓಟದ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದೆ. ಅದರ ಕೊನೆಯ ಹಾಳೆಗಳು ಹರಿದುಹೋಗಿದ್ದವು. ವಿಶ್ರಾಂತಿಯ ವಿಷಯ ಆ ಹಾಳೆಗಳಲ್ಲಿ ಇತ್ತೋ ಏನೋ. ಇದ್ದಿದ್ದರೂ ನಾನು ಓದುತ್ತಿರಲಿಲ್ಲ ಬಿಡಿ.

ನಮ್ಮ ಮನೆ ಮಸ್ಕಿಯಲ್ಲಿ. ಅಪ್ಪ ಊರ ಗೌಡರ ಎತ್ತುಗಳನ್ನು ಸಾಕುತ್ತಿದ್ದ. ಅವು ಹೊಲ ಉಳುವ ಎತ್ತುಗಳಲ್ಲ, ಪಂದ್ಯದಲ್ಲಿ ಭಾರದ ಕಲ್ಲು ಎಳೆಯುವ ಜೋಡಿ. ತಮ್ಮ ನನಗಿಂತ ಹತ್ತು ವರ್ಷ ಚಿಕ್ಕವನು. ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ. ಅವನ ತಲೆಗೆ ಅದು ಹತ್ತಲಿಲ್ಲ. ಎರಡು ಸಲ ನಪಾಸಾಗಿ ಪಾಟಿ ಮೂಲೆಗೆ ಎಸೆದು ಅಪ್ಪನ ಹಿಂದೆ ಕೊಟ್ಟಿಗೆ ಸೇರಿದ. ಆದರೆ ಅವನ ಓಟ ನೋಡಬೇಕಿತ್ತು, ಅಬ್ಬಾ! ಹಗ್ಗ ಬಿಚ್ಚಿಕೊಂಡು ಓಡಿದ ಹೋರಿಯನ್ನು ಹಳ್ಳದ ಆಚೆ ದಂಡೆ ಮುಟ್ಟುವುದರೊಳಗೆ ಹಿಡಿದುಬಿಡುತ್ತಿದ್ದ. ನಡುವೆ ಬೇಲಿ ಬಂದರೆ ಬೇಲಿ, ಬದು ಬಂದರೆ ಬದು, ಹಾರುವಾಗಲೂ ಓಟ ಮುರಿಯುತ್ತಿರಲಿಲ್ಲ. ಐವತ್ತೆರಡರ ಸುಮಾರಿಗೆ ಲಿಂಗಸುಗೂರಿನ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ, ಬೂಟು ಹಾಕಿಕೊಂಡವರನ್ನೆಲ್ಲ ಹಿಂದೆ ಹಾಕಿದ.

ಮರುವರ್ಷ ಸಿಂಧನೂರಿನಲ್ಲಿ ಅದಕ್ಕಿಂತ ದೊಡ್ಡ ಕೂಟ ನಡೆಯುವುದಿತ್ತು. ಪೊಲೀಸ್ ಖಾತೆಯ ಅಧಿಕಾರಿಯೊಬ್ಬರು ಬಂದು ಹರ್ಡಲ್ಸ್ ಗೆದ್ದವನನ್ನು ಅಲ್ಲೇ ಆರಿಸಿಕೊಂಡು ಹೋಗುತ್ತಾರೆ ಎಂಬ ಸುದ್ದಿ ಬಂತು. ನಪಾಸಾದವನಿಗೆ ಸರ್ಕಾರಿ ನೌಕರಿ! ಇಂಥ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಯಣ್ಣಾ, ನಾ ಖಾಕಿ ಹಾಕ್ಕೊಂಡು ಬಂದ್ರ ಅವ್ವ ಗುರುತು ಹಿಡಿತಾಳೇನು?" ಎಂದು ಕೇಳಿದ.

"ಮೊದಲ ಓಡಲೇ, ಆಮ್ಯಾಲ ಖಾಕಿ" ಅಂದೆ.

ಅವನನ್ನು ಲಿಂಗಸುಗೂರಿನ ನನ್ನ ಬಾಡಿಗೆ ಕೋಣೆಗೆ ಕರೆತಂದು ಇಟ್ಟುಕೊಂಡೆ. ಕೂಟಕ್ಕೆ ನಾಲ್ಕು ತಿಂಗಳಿತ್ತು. ನನ್ನ ಸಿದ್ಧಾಂತ ಒಂದೇ: ಕಾಲು ನೋಯದಿದ್ದರೆ ಕಾಲು ಕಲಿಯುವುದಿಲ್ಲ. ಬೆಳಗ್ಗೆ ಎಬ್ಬಿಸಿ ಹಳೆಯ ದಂಡಿನ ಛಾವಣಿಯ ಗರಸು ಮಣ್ಣಿನ ಮೈದಾನಕ್ಕೆ ಕರೆದೊಯ್ಯುತ್ತಿದ್ದೆ. ಕುರ್ಪಿಯಿಂದ ನೆಲದಲ್ಲಿ ಎರಡು ಕುಳಿ ತೋಡಿ, ಅದರಲ್ಲಿ ಮುಂಗಾಲು ಊರಿ ಸೀಟಿಗೆ ಚಿಮ್ಮುವುದನ್ನು ಕಲಿಸಿದೆ. ಇಪ್ಪತ್ತು ಸಲ ಚಿಮ್ಮಬೇಕು. ಇಪ್ಪತ್ತನೆಯದು ಮೊದಲನೆಯದಕ್ಕಿಂತ ನಿಧಾನವಾದರೆ ಇನ್ನೂ ಐದು. ನಡುವೆ ನೀರಿಲ್ಲ. ನೀರು ಕುಡಿದರೆ ಮೈ ಭಾರವಾಗುತ್ತದೆ ಎಂದು ಯಾರು ಹೇಳಿದ್ದರೋ, ನಾನು ಅದನ್ನು ವೇದವಾಕ್ಯ ಮಾಡಿಕೊಂಡಿದ್ದೆ.

ಹರ್ಡಲ್ ಅಂದರೆ ತಗಲಿದರೆ ಬೀಳುವಂಥ ಹಗುರ ಅಡ್ಡಪಟ್ಟಿ. ನಾನು ಹಗುರದ್ದನ್ನು ಮಾಡಿಸಲಿಲ್ಲ. ಬಡಿಗೇರನಿಗೆ ಹೇಳಿ ಜಾಲಿ ಕಟ್ಟಿಗೆಯಿಂದ ಮಾಡಿಸಿ, ಅದರ ಕಾಲುಗಳನ್ನು ನೆಲದಲ್ಲಿ ಹೂಳಿಸಿದೆ. ಬೀಳದ ಕಟ್ಟಿಗೆ ಇದ್ದರೆ ಎಚ್ಚರ ತಾನಾಗಿ ಬರುತ್ತದೆ ಎಂಬ ಲೆಕ್ಕಾಚಾರ. ಎಚ್ಚರ ಬಂತೋ ಇಲ್ಲವೋ, ಅವನ ಮೊಳಕಾಲ ಕೆಳಗಿನ ಚರ್ಮ ಮಾತ್ರ ಉಳಿಯಲಿಲ್ಲ. ನನ್ನಿಂದ ಒಂದು ಒಳ್ಳೆಯ ಕೆಲಸವೂ ಆಗಿತ್ತು, ಅದನ್ನೂ ಹೇಳಬೇಕು. ಅಡ್ಡಪಟ್ಟಿಯ ಮೇಲೆ ಖಾಲಿ ಬೆಂಕಿಪೊಟ್ಟಣ ಇಟ್ಟು, ಕಟ್ಟಿಗೆಗೆ ತಾಗದ ಹಾಗೆ ಅದನ್ನಷ್ಟೇ ತೊಡೆಯಿಂದ ಸವರಿ ಬೀಳಿಸು ಅನ್ನುತ್ತಿದ್ದೆ. ಎತ್ತರ ಹಾರಿದಷ್ಟೂ ಹೊತ್ತು ಗಾಳಿಯಲ್ಲೇ ಕಳೆದುಹೋಗುತ್ತದೆ. ಹರ್ಡಲ್ಸ್ ಜಿಗಿತವಲ್ಲ, ಓಟ. ಅವನು ಹದಿನೈದೇ ದಿನದಲ್ಲಿ ಅದನ್ನು ಕಲಿತ. ಎರಡು ಪಟ್ಟಿಗಳ ನಡುವೆ ಮೂರೇ ಹೆಜ್ಜೆ, ಪೊಟ್ಟಣ ಟಪ್ಪೆಂದು ಕೆಳಗೆ. ಮೈದಾನದ ಪಕ್ಕದಲ್ಲಿ ಹೋಗುವ ಗಾಡಿಯವರು ಎತ್ತು ನಿಲ್ಲಿಸಿ ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಾಗಿತ್ತು.

ನಿಲ್ಲಿಸಲಿಲ್ಲ. ಅಪ್ಪನ ಎತ್ತುಗಳು ನೆನಪಾದವು. ಕಲ್ಲು ಎಳೆದು ಎಳೆದು ಅವುಗಳ ತೊಡೆ ಹೇಗೆ ಉಬ್ಬಿದ್ದವು! ಪುಸ್ತಕದಲ್ಲಿಲ್ಲದ ಗುಟ್ಟು ನಮ್ಮ ಕೊಟ್ಟಿಗೆಯಲ್ಲೇ ಇದೆ ಅಂದುಕೊಂಡೆ. ಕೂಟಕ್ಕೆ ಇನ್ನೂ ಎರಡು ತಿಂಗಳಿರುವಾಗ ಶಾಲೆಗೆ ರಜೆ ಹಾಕಿ ತಮ್ಮನನ್ನು ಮಸ್ಕಿಗೆ ಕರೆದುಕೊಂಡು ಬಂದೆ. ಜೋಳ ಕಿತ್ತ ಎರೆ ಹೊಲದಲ್ಲಿ ಅವನ ಸೊಂಟಕ್ಕೆ ತೊಗಲಿನ ಮಿಣಿ ಕಟ್ಟಿ, ಅದರ ತುದಿಗೆ ಕಲ್ಲು ಬಿಗಿದು, ಓಡು ಅಂದೆ. ಬಿರುಕು ಬಿಟ್ಟ ನೆಲ, ಹೆಜ್ಜೆಗೊಂದು ಹೆಂಟೆ. ನೆನೆಸಿದ ಹುರಳಿ, ಹಸಿ ಶೇಂಗಾ, ಹಾಲು, ಎತ್ತಿಗೆ ಏನು ಹಾಕುತ್ತಿದ್ದರೋ ಹೆಚ್ಚುಕಡಿಮೆ ಅದನ್ನೇ ಅವನಿಗೂ ಕೊಡಿಸಿದೆ. ಅವ್ವ ಹೊಲಕ್ಕೆ ಬುತ್ತಿ ತಂದು, "ಏನು ಬಾಳೇವೋ ಇದು, ಮನುಷ್ಯಾಗ ನೊಗ ಕಟ್ಟೀರಿ" ಎಂದು ಬೈದು ಹೋದಳು.

ತಮ್ಮ ಒಮ್ಮೆಯೂ ಒಲ್ಲೆ ಅನ್ನಲಿಲ್ಲ. ನನ್ನ ಮಾತೆಂದರೆ ಅವನಿಗೆ ಕಲ್ಲ ಮೇಲೆ ಕೊರೆದ ಹಾಗೆ. ಅದೇ ನನ್ನ ಸೊಕ್ಕನ್ನು ಇನ್ನಷ್ಟು ಕೊಬ್ಬಿಸಿತು.

ಅದೇ ಸುಮಾರಿಗೆ ಪಕ್ಕದ ಊರಲ್ಲಿ ಕಲ್ಲೆಳೆಯುವ ಪಂದ್ಯ ನಿಗದಿಯಾಗಿತ್ತು. ಅಪ್ಪ ತನ್ನ ಜೋಡಿಯ ಕಲ್ಲು ಬಿಚ್ಚಿಬಿಟ್ಟ. ಪಂದ್ಯಕ್ಕೆ ಎಂಟು ದಿನ ಮೊದಲು ನಮ್ಮ ಕಡೆಯ ಯಾವ ಎತ್ತು ಸಾಕುವವನೂ ಕಲ್ಲು ಕಟ್ಟುವುದಿಲ್ಲ. ಬೆಳಗ್ಗೆ ಹಳ್ಳದ ತನಕ ನಡೆಸುವುದು, ಮೈ ತೊಳೆಯುವುದು, ಎಣ್ಣೆ ತಿಕ್ಕುವುದು, ನೆರಳಲ್ಲಿ ಕಟ್ಟುವುದು, ಅಷ್ಟೇ. ಹುಟ್ಟಿದಾಗಿನಿಂದ ನೋಡಿದ್ದೇನೆ. ಕಣ್ಣೆದುರಿಗೇ ಇದ್ದದ್ದು ನನಗೆ ಕಾಣಲಿಲ್ಲ. ಎತ್ತಿನ ಕಲ್ಲನ್ನು ತಮ್ಮನಿಗೆ ಕಟ್ಟಿದವನು ಎತ್ತಿನ ಎಂಟು ದಿನಗಳನ್ನು ಅವನಿಗೆ ಕೊಡಲಿಲ್ಲ.

ಸಿಂಧನೂರಿನ ಕೂಟಕ್ಕೆ ಒಂಬತ್ತು ದಿನ ಉಳಿದಿತ್ತು. ಅಪ್ಪ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದ.

"ಹುಡುಗನ ಎಡಗಾಲು ಸರಿಯಿಲ್ಲ. ತೊಡಿ ಹಿಂದ ಚಳಕು ಹಿಡದೈತಿ. ಮೆಟ್ಟಲ ಇಳಿಯುವಾಗ ಹಲ್ಲು ಕಚ್ಚಾಕತ್ತಾನ. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಯಾನ. ಆಣಿ ಮುರಿದು ಹೇಳಾಕತ್ತೀನಿ ನೋಡು. ಎಂಟು ದಿನ ಬಿಡು ಅವನ್ನ."

"ಅಂವ ಎತ್ತಲ್ಲ ಯಪ್ಪಾ" ಅಂದೆ.

"ಹೌದೋ, ಎತ್ತಲ್ಲ. ಎತ್ತಾಗಿದ್ದರ ಒಗದಾಡಿ ಕಲ್ಲು ಕೆಡವಿ ಹೋಗ್ತಿತ್ತು."

ನನಗೆ ಸಿಟ್ಟು ಬಂತು. ಹೈದರಾಬಾದಿನಲ್ಲಿ ಕಲಿತು ಬಂದವನಿಗೆ ಕೊಟ್ಟಿಗೆಯಲ್ಲಿ ಕೂತವನು ಪಾಠ ಹೇಳುವುದೇ? ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ನೀ ನನಗ ಹೇಳಿದ್ದು ಅವಗ ಗೊತ್ತಾಗಬಾರದು. ನನಗ ಗೊತ್ತೈತಿ ಅಂದ್ರ ಅವನ ಧೈರ್ಯ ಕಡಿಮಿ ಆಗ್ತೈತಿ. ಸುಮ್ಮನಿರು." ಧೈರ್ಯವಂತೆ! ನನಗೆ ಗೊತ್ತಾಗಿದೆ ಎಂದು ತಮ್ಮನಿಗೆ ತಿಳಿದರೆ ನಾನು ಓಟ ನಿಲ್ಲಿಸಬೇಕಾಗುತ್ತಿತ್ತು. ಅದಕ್ಕಾಗಿ ಅಪ್ಪನ ಬಾಯಿ ಕಟ್ಟಿದೆ. ಅಪ್ಪ ಎತ್ತಿನ ಕೊರಳು ಸವರುತ್ತ ನಿಂತ.

ಮರುದಿನ ಕಲ್ಲು ಬಿಚ್ಚಿದೆ, ಓಟ ಬಿಡಿಸಲಿಲ್ಲ. ಕೊನೆಯ ದಿನದವರೆಗೂ ದಿನಕ್ಕೆ ಹತ್ತು ಸಲ ಪೂರ್ತಿ ಓಡಿಸಿದೆ. ಅವನು ಎಡಗಾಲನ್ನು ತುಸು ತಡವಾಗಿ ಎತ್ತುತ್ತಿದ್ದ. ನಾನು ನೋಡಿಯೂ "ಲೇ, ಮೈಗಳ್ಳ ಆಗಬ್ಯಾಡ" ಅಂದೆ. ಅವನು ನಕ್ಕ.

ಸಿಂಧನೂರು ಆಗ ಗಿಜಿಗುಡುತ್ತಿತ್ತು. ಕಾಲುವೆ ಕೆಲಸದ ಲಾರಿಗಳು, ಆಂಧ್ರದ ಕಡೆಯಿಂದ ಹೊಲ ನೋಡಲು ಬಂದವರು, ಎಲ್ಲೆಲ್ಲೂ ಕೆಂಧೂಳು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಹಗುರವಾದ ಬಿದಿರಿನ ಹರ್ಡಲ್‌ಗಳನ್ನು ನಿಲ್ಲಿಸಿದ್ದರು. ಬೆರಳು ತಾಗಿಸಿದರೆ ಬೀಳುವಂಥವು. ತಮ್ಮ ಅವುಗಳನ್ನು ನೋಡಿ, "ಇವು ಆಟಿಗಿ ಸಾಮಾನು ಇದ್ದಂಗ ಅದಾವ ಯಣ್ಣಾ" ಎಂದು ನಕ್ಕ. ಪೊಲೀಸ್ ಅಧಿಕಾರಿ ಕುರ್ಚಿ ಹಾಕಿಸಿಕೊಂಡು ಗುರಿಯ ಗೆರೆಯ ಹತ್ತಿರ ಕೂತಿದ್ದರು. ಅಪ್ಪ ಜನರ ಹಿಂದೆ, ತಲೆಯ ಮೇಲೆ ರುಮಾಲು ಎಳೆದುಕೊಂಡು ನಿಂತಿದ್ದ.

ಓಟ ಶುರುವಾಗಲೆಂದು ಎರಡು ಮರದ ಹಲಗೆ ಒಂದಕ್ಕೊಂದು ಬಡಿದರು. ತಮ್ಮ ಕುಳಿಯಿಂದ ಚಿಮ್ಮಿದ್ದನ್ನು ಕಂಡು ನನ್ನ ಬಾಯಲ್ಲಿ ಶಿವಾ ಎಂಬ ಉದ್ಗಾರ ಹೊರಟಿತು. ಮೊದಲನೆಯ ಪಟ್ಟಿ ದಾಟಿದ. ಎರಡು, ಮೂರು, ನಾಲ್ಕು. ಉಳಿದವರೆಲ್ಲ ಒಂದು ಪಟ್ಟಿಯಷ್ಟು ಹಿಂದೆ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. ಐದನೆಯದಕ್ಕೆ ಎಡಗಾಲಿಂದ ನೆಲ ಒದ್ದು ಏಳಬೇಕಾದಾಗ, ಆ ತೊಡೆಯನ್ನು ಹಿಂದಿನಿಂದ ಯಾರೋ ಎಳೆದ ಹಾಗೆ, ಅವನು ಗಾಳಿಯಲ್ಲೇ ಮುದುಡಿದ. ಬಿದಿರಿನ ಪಟ್ಟಿಯ ಸಮೇತ ಮೊಳಕಾಲ ಮೇಲೆ ಗರಸಿಗೆ ಅಪ್ಪಳಿಸಿದ. ಎದ್ದ. ನಿಜವಾಗಿ ಎದ್ದ. ಒಂದೇ ಕಾಲಲ್ಲಿ ಕುಂಟುತ್ತ ಆರನೆಯ ಪಟ್ಟಿಯವರೆಗೆ ಹೋಗಿ, ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೆಳಗೆ ಕೂತುಬಿಟ್ಟ. ನಾನು ಓಡಿ ಹೋಗುವುದರೊಳಗೆ ಅಪ್ಪ ಅಲ್ಲಿದ್ದ. ಅಷ್ಟು ವಯಸ್ಸಾದವನು ನನಗಿಂತ ಮೊದಲು ಹೇಗೆ ಮುಟ್ಟಿದನೋ ಗೊತ್ತಿಲ್ಲ.

ಅಧಿಕಾರಿ ಗೆದ್ದವನ ಹೆಸರು ಬರೆದುಕೊಂಡು ಹೊರಟುಹೋದರು. ನಾವು ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಮಲಗಿಸಿಕೊಂಡು ಮಸ್ಕಿಗೆ ಬಂದೆವು. ಎಲುಬು ಕಟ್ಟುವವನು ಪಟ್ಟು ಹಾಕಿದ, ಎಣ್ಣೆ ತಿಕ್ಕಿದ. ಮೂರು ತಿಂಗಳು ಮಂಚದ ಮೇಲೆ. ಎದ್ದಾಗ ಮೊಳಕಾಲು ಪೂರ್ತಿ ಮಡಚುತ್ತಿರಲಿಲ್ಲ, ತೊಡೆ ಒಣಗಿದ ಹೀರೆಕಾಯಿಯ ಹಾಗೆ ಸೊರಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಆಮೇಲೆ ತಿಳಿದವರ ಬಾಯಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ವೇಗ ಕಲಿಯಬೇಕಾದರೆ ಕಾಲು ತಾಜಾ ಇರಬೇಕಂತೆ. ನಾಲ್ಕು ಸಲ ಜೋರಾಗಿ ಓಡಿ, ಪ್ರತಿ ಸಲಕ್ಕೂ ಉಸಿರು ಪೂರ್ತಿ ಕೂಡುವ ತನಕ ಕೂರಬೇಕಂತೆ. ದಣಿದ ಕಾಲು ನಿಧಾನವನ್ನೇ ಕಲಿಯುತ್ತದಂತೆ. ಇದನ್ನೆಲ್ಲ ಅಪ್ಪ ಓದಿರಲಿಲ್ಲ, ಆದರೂ ಅವನಿಗೆ ಗೊತ್ತಿತ್ತು.

ಮಂಚದಲ್ಲಿದ್ದಾಗಲೇ ಒಂದು ಮಧ್ಯಾಹ್ನ ತಮ್ಮ ನನ್ನ ಕೈ ಹಿಡಿದ. ಅಪ್ಪ ಹೊಸ್ತಿಲ ಹತ್ತಿರ ಕೂತು ಹಗ್ಗ ಹೊಸೆಯುತ್ತಿದ್ದ.

"ಯಣ್ಣಾ, ತಪ್ಪು ನಂದ. ಚಳಕು ಹಿಡದಿದ್ದು ನಿನಗ ಮುಚ್ಚಿಟ್ಟೆ. ಹೇಳಿದ್ದರ ನೀ ನಿಲ್ಲಸ್ತಿದ್ದಿ. ನಿನ್ನ ಹೆಸರು ಕೆಡಿಸಿಬಿಟ್ಟೆ."

ಅಪ್ಪನ ಕೈ ನಿಂತಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಹೇಳು ಎಂಬಂತೆ ನೋಡಿದ. ಎಣಿಸಿದರೆ ಹತ್ತು ಉಸಿರಿನಷ್ಟು ಹೊತ್ತು ನನಗೆ ಅವಕಾಶವಿತ್ತು. ನನ್ನ ಬಾಯಿಂದ ಬಂದದ್ದು, "ಆಗಿದ್ದು ಆತು ಬಿಡೋ, ಮನಸಿಗಿ ಹಚ್ಕೋಬ್ಯಾಡ." ಕ್ಷಮಿಸಿದವನ ದನಿಯಲ್ಲಿ ಹೇಳಿದೆ. ತಮ್ಮ ಕಣ್ಣು ಒರೆಸಿಕೊಂಡ. ಅಪ್ಪ ತಲೆ ತಗ್ಗಿಸಿ ಮತ್ತೆ ಹಗ್ಗ ಹೊಸೆದ.

ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅಪ್ಪ ತೀರಿಕೊಂಡ. ಅಲ್ಲಿಯವರೆಗೂ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನು ಕೇಳಿಕೊಂಡ ಮಾತನ್ನು ಪೂರ್ತಿ ನಡೆಸಿಕೊಟ್ಟು ಹೋದ. ಈಗ ನಿಜ ಗೊತ್ತಿರುವವನು ನಾನೊಬ್ಬನೇ. ತಮ್ಮ ಕಾಲೆಳೆಯುತ್ತ ನನ್ನ ಮನೆಗೆ ಬರುತ್ತಾನೆ, ಕೂತು ಚಹಾ ಕುಡಿಯುತ್ತಾನೆ, ನನ್ನ ಮಕ್ಕಳ ಎದುರಿಗೆ ಅದೇ ಮಾತು ಹೇಳುತ್ತಾನೆ: "ನಿಮ್ಮಪ್ಪನಂಥ ಮಾಸ್ತರ ಈ ಸೀಮ್ಯಾಗ ಇದ್ದಿಲ್ಲ. ನಾನ ಸುಳ್ಳು ಹೇಳಿ ಮೋಸ ಮಾಡಿದೆ." ಆಮೇಲೆ ನನ್ನ ಮುಖ ನೋಡುತ್ತಾನೆ. ನಾನು "ಇರಲಿ ಬಿಡೋ" ಅನ್ನುತ್ತೇನೆ.