ಮೊದಲ ಪೆಟ್ಟು ಜೋರು

ಮೊನ್ನೆ ಚಿಕ್ಕೋಡಿಯ ಕೋರ್ಟಿನ ಹಿಂದಿನ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದಾಗ ಜೋಳದ ರೊಟ್ಟಿ ಸೀದ ವಾಸನೆ ಬಂತು. ಬೇಡಕಿಹಾಳದ ನಮ್ಮ ಪಕ್ಕದ ಮನೆಯ ಸೊಸೆ, ನನಗೆ ಅತ್ತಿಗೆಯಂತಿದ್ದ ವೈನಿ ನೆನಪಾದರು...

ನಾನಾಗ ಡಿಗ್ರಿ ಓದುತ್ತಿದ್ದೆ. ವೈನಿ ಮದುವೆಗೆ ಮುಂಚೆಯೇ ಡಿ.ಎಡ್. ಮುಗಿಸಿದ್ದರು. ನೇಮಕಾತಿ ಪರೀಕ್ಷೆ ಪಾಸಾದರೆ ಸರ್ಕಾರಿ ಶಾಲೆಯಲ್ಲಿ ಟೀಚರ್. ಆದರೆ ಅದೇ ಕೊನೆಯ ಅವಕಾಶ, ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಕಾಟ ಕೊಡುತ್ತಿದ್ದದ್ದು ಇಂಗ್ಲಿಷ್. ಎರಡು ಪದ ಕೂಡಿ ಆದ ಪದವನ್ನು ಉಚ್ಚಾರಕ್ಕೆ ತಕ್ಕಂತೆ ತುಂಡು ಮಾಡಿ, ಒತ್ತು ಯಾವ ತುಂಡಿನ ಮೇಲೆ ಬೀಳುತ್ತದೆಂದು ಹೇಳಬೇಕು. ಅತ್ತೆಯ ಎದುರು ಪುಸ್ತಕ ಹಿಡಿದು ಕೂರುವ ಧೈರ್ಯ ವೈನಿಗಿರಲಿಲ್ಲ. ಹಾಗಾಗಿ ಓದು ನಡೆದದ್ದು ಒಲೆಯ ಮುಂದೆ. ಹರಟೆಗೆ ಬಂದವಳ ಹಾಗೆ ಕೂತು ನಾನು ಗೈಡ್ ನೋಡಿ ಮೆಲ್ಲಗೆ ಪದ ಹೇಳುವುದು, ಅವರು ರೊಟ್ಟಿ ಬಡಿಯುತ್ತ ತುಂಡು ಮಾಡುವುದು. ತುಂಡಿಗೊಂದು ಪೆಟ್ಟು, ಒತ್ತು ಇದ್ದಲ್ಲಿ ಜೋರು. ನ್ಯೂಸ್–ಪೇ–ಪರ್. ಸನ್–ಫ್ಲಾ–ವರ್.

"ಮೊದಲನೇದಕ್ಕ ಜೋರ್ ಹಾಕೂದು, ಉಳದದ್ದು ಹಗೂರ," ಎಂದು ನಗುತ್ತಿದ್ದರು.

ಹೊರಗೆ ಕೂತ ಅತ್ತೆಗೆ ಕೇಳುತ್ತಿದ್ದದ್ದು ರೊಟ್ಟಿಯ ಸಪ್ಪಳ ಮಾತ್ರ. ನಾವು ಭಾರಿ ಶಾಣ್ಯಾರು ಎಂದುಕೊಂಡಿದ್ದೆವು.

ಊಟದ ಹೊತ್ತಿಗೆ ಸಿಕ್ಕಿಬಿದ್ದೆವು. ಅತ್ತೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಜೋರು ಪೆಟ್ಟು ಬಿದ್ದ ಬದಿ ತೆಳ್ಳಗಾಗಿ ಸೀದಿತ್ತು, ಇನ್ನೊಂದು ಬದಿ ದಪ್ಪ, ಹಸಿ ಹಸಿ.

"ಒಲಿ ಮುಂದ ಏನ್ ನಡದೈತಿ?"

ವೈನಿ ಮುಚ್ಚಿಡಲಿಲ್ಲ. "ಪರೀಕ್ಷಾ ಐತ್ರಿ ಅತ್ತಿ. ಓದಾಕತ್ತೇನ್ರಿ."

ಗೈಡನ್ನು ಸೆರಗಿನಡಿ ತುರುಕಿಕೊಂಡು ನಾನು ಎದ್ದು ಓಡುವುದೊಂದು ಬಾಕಿ. ಅತ್ತೆ ಆ ರೊಟ್ಟಿಯನ್ನೇ ಮುರಿದು ತಿಂದರು. ಆಮೇಲೆ ಹೇಳಿದರು, "ನಾಳಿಂದ ರೊಟ್ಟಿ ನಾ ಬಡೀತೀನಿ. ನೀ ಓದ್ಕೋ. ಎರಡೂ ಕೆಡಿಸಬ್ಯಾಡ."

ವೈನಿ ಪಾಸಾದರು. ಹತ್ತಿರದ ಊರಿನ ಶಾಲೆಗೆ ಟೀಚರಾಗಿ ಹೋದರು. ಬೆಳಿಗ್ಗೆ ಬಸ್ಸಿಗೆ ಹೊರಟರೆ ಓಣಿಯವರನ್ನೆಲ್ಲ ಮಾತಾಡಿಸಿಯೇ ಹೋಗುವರು, ಸಂಜೆಯ ಬಸ್ಸಿಗೆ ಮರಳುವರು. ಅಷ್ಟು ಖುಷಿಯಿಂದ ಕೆಲಸಕ್ಕೆ ಹೋಗುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕೆಲವೇ ವರ್ಷ... ಕಾಯಿಲೆ ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು.

ಮೊನ್ನೆ ಆ ಖಾನಾವಳಿಯಲ್ಲಿ ಊಟ ಸೇರಲಿಲ್ಲ. ಸಂಜೆ ಊರಿಗೇ ಹೋದೆ. ವೈನಿಯ ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಹೋಗೋಣ ಬನ್ನಿ, ಬಿಸಿಲು ಇನ್ನೂ ಇಳಿದಿಲ್ಲ ಎಂದೆ.

"ಬಸ್ ಬರೂ ಹೊತ್ತಾತವಾ. ಆಕಿ ಬರೂದಿಲ್ಲಂತ ಗೊತ್ತೈತಿ. ಆದ್ರ ಒಳಗ ಕುಂದ್ರಾಕ ಆಗೂದಿಲ್ಲ."

ಬಸ್ಸು ಬಂತು. ಇಳಿದವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿಕೊಂಡು ಮನೆಗೆ ಹೋದರು. ಕೊನೆಯವರು ಇಳಿಯುವ ತನಕ ನಾನೂ ನೋಡಿದೆ.